ಆಸ್ಪತ್ರೆ ಹಡಗಿನ ದೊಡ್ಡಮ್ಮ

ದೊಡ್ಡಮ್ಮನ ಎರಡು ಪಾದಗಳೂ ಹೊರಕ್ಕೆ ತಿರುಗಿದ್ದವು. ನಿಂತರೆ ಒಂದು ಮೂಡಲಕ್ಕೆ, ಇನ್ನೊಂದು ಪಡುವಲಕ್ಕೆ. ನಡೆಯುವಾಗ ಕಾಲನ್ನು ಅಗಲಕ್ಕೆ ಹಾಕಿ, ನೆಲ ಇನ್ನೇನು ಒಂದು ಕಡೆಗೆ ವಾಲಿಬಿಡುತ್ತದೆ ಅನ್ನುವ ಹಾಗೆ ಹೆಜ್ಜೆ ಊರುತ್ತಿದ್ದಳು. ಗೌನಿಪಲ್ಲಿಯಲ್ಲಿ ಬಸ್ಸಿಳಿದು ಬರುವಾಗ ಅರಳಿಕಟ್ಟೆಯ ಮೇಲೆ ಕೂತವರು ದೂರದಿಂದಲೇ ಗುರುತು ಹಿಡಿಯುತ್ತಿದ್ದರು. "ಸಮುದ್ರದ ಮೇಲಿರೋರು ಹಂಗೇ ನಡೆಯೋದು. ಅಲೆ ಮೇಲೆ ನಿಂತು ನಿಂತು ಕಾಲು ಹಂಗಾಗ್ತದೆ" ಎಂದು ತಿಳಿದವರು ತಿಳಿಯದವರಿಗೆ ಹೇಳುತ್ತಿದ್ದರು. ನನ್ನ ಅಜ್ಜಿಯದೂ ಅದೇ ಪಾದ, ಅದೇ ನಡಿಗೆ. ಅಜ್ಜಿ ಕೋಲಾರ ದಾಟಿ ಆಚೆಗೆ ಹೋದವಳೇ ಅಲ್ಲ. ಅದನ್ನು ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ನೌಕಾಪಡೆಯ ಆಸ್ಪತ್ರೆ ಹಡಗಿನಲ್ಲಿ ನರ್ಸಾಗಿದ್ದಳು. ಹಡಗಿದ್ದದ್ದು ತೆಲುಗು ಸೀಮೆಯ ಒಂದು ಬಂದರು ಊರಿನಲ್ಲಿ. ನಮ್ಮ ಮನೆಯಲ್ಲಿ ಆ ಊರಿಗೆ 'ರೇವು' ಅಂತಲೇ ಹೆಸರು. ಕೋಲಾರದಲ್ಲಿ ನರ್ಸಿಂಗ್ ಕಲಿತು, ತೆಲುಗು ಹೇಗೂ ಬಾಯಲ್ಲೇ ಇದ್ದದ್ದರಿಂದ, ಧೈರ್ಯವಾಗಿ ಅರ್ಜಿ ಹಾಕಿ ಹೊರಟುಹೋಗಿದ್ದಳು. ಮದುವೆಯಾಗಲಿಲ್ಲ. ಒಂದೆರಡು ಕಡೆಯಿಂದ ಕೇಳಿಕೊಂಡು ಬಂದವರು, "ವರ್ಷಗಟ್ಲೆ ನೀರಿನ ಮೇಲಿರೋಳನ್ನ ಕಟ್ಕೊಂಡು ಏನ್ಮಾಡೋದು" ಎಂದು ಹಿಂದೆ ಸರಿದರಂತೆ.

ಹಡಗು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಬೇಸಿಗೆ ರಜೆಗೆಂದು ರೇವಿಗೆ ಹೋದಾಗ ಅದನ್ನು ಕಣ್ಣಾರೆ ಕಂಡೆ. ಬಿಳಿ ಬಣ್ಣ, ಪಕ್ಕೆಯ ಮೇಲೆ ಮನೆಯಷ್ಟು ದೊಡ್ಡ ಕೆಂಪು ಕೂಡುಗುರುತು, ಮೂರು ಅಂತಸ್ತಿನ ವಾರ್ಡುಗಳು. ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ದಪ್ಪ ಹಗ್ಗಗಳಲ್ಲಿ ದಡಕ್ಕೆ ಅಂಟಿ ನಿಂತಿತ್ತು. ಎಲ್ಲಾದರೂ ದೊಡ್ಡ ಅನಾಹುತವಾದರೆ ಹೊರಡಲಿ ಅಂತ ಇಟ್ಟಿದ್ದ ಹಡಗು. ಅಲ್ಲಿಯವರೆಗೆ ನಾವಿಕರಿಗೆ ಆಸ್ಪತ್ರೆ. ವಾರಕ್ಕೆ ಎರಡು ದಿನ ಊರಿನವರಿಗೂ ಬಾಗಿಲು ತೆರೆಯುತ್ತಿತ್ತು. ಮೀನು ಮಾರುವವರು, ಬಂದರಿನಲ್ಲಿ ಮೂಟೆ ಹೊರುವವರು ಬೆಳಗ್ಗೆಯೇ ಬಂದು ಸಾಲು ಹಿಡಿಯುತ್ತಿದ್ದರು. ಎದುರಿನ ಬಸ್ ಸ್ಟಾಪಿಗೆ 'ಆಸ್ಪತ್ರೆ ಹಡಗು' ಎಂದೇ ಹೆಸರು. ಅದರ ಪಕ್ಕ ಒಬ್ಬ ಹೆಂಗಸು ರೋಗಿಗಳ ಕಡೆಯವರಿಗೆ ಇಡ್ಲಿ ಮಾರುತ್ತಿದ್ದಳು.

ಗೌನಿಪಲ್ಲಿಗೆ ಬಂದಾಗ ಜನ ಕೇಳುತ್ತಿದ್ದರು: "ಸಿಂಗಪುರ ನೋಡಿದ್ಯೇನಮ್ಮ? ಹೆಂಗೈತೆ?" ದೊಡ್ಡಮ್ಮ ಗಂಭೀರವಾಗಿ ಹೇಳುತ್ತಿದ್ದಳು: "ವಾರ್ಡಲ್ಲಿ ಕೆಲಸವೇ ಸಾಕಾಗಿರ್ತದೆ. ಹೊರಗಡೆ ನೋಡೋಕೆ ಟೈಮೆಲ್ಲಿ?" ಇದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ.

ಅವಳ ಅಭ್ಯಾಸಗಳು ಆ ನಂಬಿಕೆಗೆ ನೀರೆರೆಯುತ್ತಿದ್ದವು. ನೀರಿನ ಲೋಟವನ್ನು ಒದ್ದೆ ಬಟ್ಟೆಯ ಮೇಲೇ ಇಡುವಳು, ಜಾರಬಾರದು ಅಂತ. ಟ್ರಂಕನ್ನು ಮಂಚದ ಕಾಲಿಗೆ ಕಟ್ಟುವಳು. ಮಲಗಿದರೆ ಒಂದು ಕೈ ಮಂಚದ ಅಂಚನ್ನು ಹಿಡಿದೇ ಇರುತ್ತಿತ್ತು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ತಪ್ಪದೆ ಮುಳಬಾಗಿಲಿನ ಬಸ್ಸು ಹಿಡಿದು ಕುರುಡುಮಲೆಗೆ ಹೋಗಿ, ಎರಡಾಳೆತ್ತರದ ಗಣಪನ ಮುಂದೆ ಇಪ್ಪತ್ತೊಂದು ತೆಂಗಿನಕಾಯಿ ಒಡೆಸುವಳು. ಹಡಗು ಕ್ಷೇಮವಾಗಿ ಓಡಾಡಲಿ ಅಂತ ಹರಕೆ ಎಂದು ನಾವು ತಿಳಿದಿದ್ದೆವು.

ಹೆದರುಪುಕ್ಕಲಿ ಅಂತ ಅವಳನ್ನು ಯಾರೂ ಅನ್ನಲಾರರು. ಹದಿಮೂರನೆಯ ವಯಸ್ಸಿನ ಆ ರಜೆಯಲ್ಲೇ ಒಂದು ದಿನ, ಕ್ರೇನಿನ ಸರಪಳಿ ಬಿದ್ದು ಮೊಣಕಾಲ ಕೆಳಗೆ ಜಜ್ಜಿಹೋದ ಆಳೊಬ್ಬನನ್ನು ಹೊತ್ತು ತಂದರು. ನಾನು ಗೋಡೆಗೆ ಅಂಟಿಕೊಂಡೆ. ಹೊಸದಾಗಿ ಬಂದಿದ್ದ ಹುಡುಗ ಡಾಕ್ಟರು ಕತ್ತರಿ ಎತ್ತಿಕೊಂಡು, ಮತ್ತೆ ತಟ್ಟೆಗೇ ಇಟ್ಟುಬಿಟ್ಟ. ದೊಡ್ಡಮ್ಮ ಒಂದು ಕೈಯಿಂದ ರಕ್ತ ಚಿಮ್ಮುವ ಜಾಗವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡಾಕ್ಟರಿನ ಮೊಣಕೈ ಹಿಡಿದು, "ಏಂ ಕಾದು ಡಾಕ್ಟರ್‌ಗಾರು" ಎಂದಳು. ಏನೂ ಆಗುವುದಿಲ್ಲ ಎಂದರ್ಥ. ಚುಚ್ಚುಮದ್ದಿಗೆ ಅಳುವ ಮಕ್ಕಳಿಗೂ ಆ ಮಾತೇ, ಉಸಿರು ಸಿಕ್ಕಿಕೊಂಡ ಮುದುಕರಿಗೂ ಆ ಮಾತೇ. ಅವಳು ಹಾಗಂದರೆ ಜನ ನಂಬುತ್ತಿದ್ದರು. ಆ ಡಾಕ್ಟರೂ ನಂಬಿದ.

ಅದೇ ಸಂಜೆ ಇನ್ನೊಂದನ್ನೂ ನೋಡಿದೆ. ದಡದಿಂದ ಹಡಗಿಗೆ ಹಾಕಿದ ಹಲಗೆಯ ಮೇಲೆ ನಾನು ಎರಡು ನೆಗೆತಕ್ಕೆ ದಾಟಿ ಬಂದಿದ್ದೆ. ದೊಡ್ಡಮ್ಮ ಎರಡು ಕೈಯಲ್ಲೂ ಹಗ್ಗ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತಾ ಬಂದಳು. ಕೆಳಗೆ ಮೂರಾಳು ಆಳದ ಕಪ್ಪು ನೀರು. ಅಷ್ಟು ವರ್ಷ, ದಿನಕ್ಕೆರಡು ಸಲ ದಾಟಿದ ಹಲಗೆ ಅದು. ದಣಿದಿದ್ದಾಳೆ ಅಂದುಕೊಂಡೆ.

ಅವಳು ಕೆಲಸದಲ್ಲಿದ್ದ ಅಷ್ಟೂ ವರ್ಷದಲ್ಲಿ ಹಡಗು ಹೊರಟದ್ದು ಒಂದೇ ಸಲ. ಆಗ ನನಗೆ ಒಂಬತ್ತು ವರ್ಷ. ನಾವು ಶ್ರೀನಿವಾಸಪುರದಲ್ಲಿದ್ದೆವು, ಮಾವಿನ ಕಾಲ. ರಜೆಯ ಮೇಲೆ ಬಂದಿದ್ದ ದೊಡ್ಡಮ್ಮನ ಕಣ್ಣೆದುರೇ ನನಗೆ ಟೈಫಾಯ್ಡ್ ಹಿಡಿಯಿತು. ಹತ್ತು ದಿನ ಅವಳು ನನ್ನ ಮಂಚ ಬಿಟ್ಟು ಏಳಲಿಲ್ಲ. ಹನ್ನೊಂದನೆಯ ದಿನ ಬೆಳಗ್ಗೆ ರೇವಿನಿಂದ ತಂತಿ ಬಂತು: ದ್ವೀಪಗಳಲ್ಲಿ ಚಂಡಮಾರುತ, ಹಡಗು ಹೊರಡುತ್ತದೆ, ಕೂಡಲೇ ಬಾ. ದೊಡ್ಡಮ್ಮ ಅದನ್ನು ಎರಡು ಸಲ ಓದಿದಳು. ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು, ತೆಗೆದು, ಬೆಳಕಿಗೆ ಹಿಡಿದು ನೋಡಿ, ಯಾರಿಗೂ ತೋರಿಸದೆ ಜಾಡಿಸಿ ಡಬ್ಬಿಗೆ ಹಾಕಿದಳು. ಹಿಂಗೈಯನ್ನು ನನ್ನ ಹಣೆಗಿಟ್ಟು ನನ್ನ ತಾಯಿಯ ಕಡೆ ತಿರುಗಿದಳು. "ಇವನಿಗಿನ್ನೂ ಜ್ವರ ಇದೆ. ಬಿಟ್ಟು ಹೋಗಕಾಗಲ್ಲ."

ಅವತ್ತು ನನಗೆ ವಿಪರೀತ ಹಸಿವಾಗಿತ್ತು. ಅದೊಂದು ಚೆನ್ನಾಗಿ ನೆನಪಿದೆ.

ಹಡಗು ಅವಳಿಲ್ಲದೆ ಹೋಗಿ, ತಿಂಗಳ ಮೇಲೆ ವಾಪಸು ಬಂತು. ಹೋದವರಿಗೆಲ್ಲ ಪದಕ ಸಿಕ್ಕಿತು. ವಾರ್ಡಿನ ಗೋಡೆಯ ಮೇಲೆ ಅವರ ಗುಂಪಿನ ಫೋಟೋ ತೂಗುಹಾಕಿದರು. ನಮ್ಮ ಮನೆಯಲ್ಲಿ ಮಾತ್ರ ಪದಕ ದೊಡ್ಡಮ್ಮನದೇ. "ನಿನಗೋಸ್ಕರ ಹಡಗನ್ನೇ ಬಿಟ್ಟೋಳು ಕಣೋ ಅವಳು" ಎಂದು ತಾಯಿ ನಾನು ಊಟ ಬಿಟ್ಟರೂ ಹೇಳುವಳು, ಪರೀಕ್ಷೆಯಲ್ಲಿ ಫೇಲಾದರೂ ಹೇಳುವಳು. ದೊಡ್ಡಮ್ಮ ಪಕ್ಕದಲ್ಲಿದ್ದರೆ ಅವರೆಕಾಯಿ ಸುಲಿಯುತ್ತಾ ತಲೆ ಎತ್ತುತ್ತಿರಲಿಲ್ಲ. ಎಂಥ ದೊಡ್ಡಗುಣ ಎಂದು ನಮಗೆ ಇನ್ನಷ್ಟು ಗೌರವ.

ಆ ಋಣ ನನ್ನ ಕುತ್ತಿಗೆಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಆ ಬಿಳಿ ಹಡಗು ನೋಡಿ ಬಂದಾಗಿನಿಂದ ನನಗೆ ಸಮುದ್ರದ ಹುಚ್ಚು. ಯಾರಿಗೂ ಹೇಳದೆ ನೌಕಾಪಡೆಯ ಪರೀಕ್ಷೆ ಬರೆದೆ, ಪಾಸಾದೆ, ಸೇರಿಕೋ ಎಂದು ಪತ್ರವೂ ಬಂತು. ಎಲ್ಲರಿಗಿಂತ ಹೆಚ್ಚು ಸಂತೋಷ ಪಡುವವಳು ದೊಡ್ಡಮ್ಮ ಎಂದು ಪತ್ರವನ್ನು ಮೊದಲು, ರಜೆಗೆ ಬಂದಿದ್ದ ಅವಳ ಕೈಗೇ ಕೊಟ್ಟೆ. ಓದಿ, ಮಡಿಸಿ, ವಾಪಸು ಕೊಟ್ಟಳು. "ನೀರಿನ ಕೆಲಸ ಬೇಡ ಕಣೋ. ನನ್ನ ಮಾತು ಕೇಳು." ಬೇರೆ ಯಾರೇ ಅಂದಿದ್ದರೂ ಜಗಳವಾಡಿ ಹೋಗುತ್ತಿದ್ದೆ. ನನಗೋಸ್ಕರ ಹಡಗನ್ನೇ ಬಿಟ್ಟವಳಿಗೆ ಎದುರಾಡುವುದು ಹೇಗೆ? ಪತ್ರ ಟ್ರಂಕಿನ ತಳ ಸೇರಿತು. ನಾನು ಮಾಸ್ತಿಯ ಹಾಲಿನ ಡೇರಿ ಸೇರಿದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಬೆಳಗ್ಗೆ ಸಂಜೆ ಹಾಲಿನ ಫ್ಯಾಟ್ ನೋಡುತ್ತಿದ್ದೇನೆ. ಕೆಟ್ಟ ಕೆಲಸವೇನಲ್ಲ.

ನಿವೃತ್ತಿಯಾದ ಮೇಲೆ ದೊಡ್ಡಮ್ಮ ಮಾಸ್ತಿಯಲ್ಲಿ ನಮ್ಮ ಜೊತೆಗೇ ಇದ್ದಳು. ಮೂರು ವರ್ಷದ ಹಿಂದೆ ಅವಳ ಹಳೆಯ ವಾರ್ಡ್‌ಬಾಯ್ ಫೋನ್ ಮಾಡಿದ. ಹಡಗಿಗೆ ವಯಸ್ಸಾಗಿದೆಯಂತೆ, ರಿಪೇರಿ ಮಾಡಿ ಪ್ರಯೋಜನವಿಲ್ಲವಂತೆ. ಬರುವ ಶುಕ್ರವಾರ ಪಡುವಣ ಕರಾವಳಿಗೆ ಎಳೆದುಕೊಂಡು ಹೋಗಿ ಒಡೆಯುತ್ತಾರಂತೆ. ಹಳೆಯ ಸಿಬ್ಬಂದಿ ಬಂದರೆ ಹತ್ತಿಸಿಕೊಳ್ಳುತ್ತಾರೆ, ಜೊತೆಗೆ ಮನೆಯವರೊಬ್ಬರು ಬರಬಹುದು, ಬಂದರಿನ ಬಾಯಿ ದಾಟುವವರೆಗೆ ಹೋಗಿ ಸಣ್ಣ ದೋಣಿಯಲ್ಲಿ ವಾಪಸು ಎಂದ.

ದೊಡ್ಡಮ್ಮ ಫೋನಿಟ್ಟು, ಮಂಚದ ಕಾಲಿಗೆ ಕಟ್ಟಿದ್ದ ಟ್ರಂಕಿನ ಹಗ್ಗ ಬಿಚ್ಚಿದಳು. ಆಮೇಲೆ, "ಒಂದ್ಸಲನಾದ್ರೂ ಅದು ಕದಲೋವಾಗ ಅದರ ಮೇಲೆ ನಾನಿರ್ಬೇಕು ಕಣೋ. ನೀನೂ ಬಾ" ಎಂದಳು.

ನನಗೆ ಎರಡನೆಯ ಮಾತು ಬೇಕಿರಲಿಲ್ಲ. ಡೇರಿಯನ್ನು ಬೇರೆಯವರಿಗೆ ಒಪ್ಪಿಸಿ, ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು. ನಾಚಿಕೆ ಬಿಟ್ಟು ಹೇಳುವುದಾದರೆ, ನಲವತ್ತು ದಾಟಿದ ನಾನು ಆ ಪ್ರಯಾಣಕ್ಕೆಂದು ಹೊಸ ಷರ್ಟು ಹೊಲಿಸಿದ್ದೆ.

ಶುಕ್ರವಾರ ಬೆಳಗ್ಗೆ ರೇವಿನ ದಡದಲ್ಲಿ ನಿಲ್ಲಲು ಜಾಗವಿರಲಿಲ್ಲ. ಮೀನಿನ ಹೆಂಗಸರು ಹಡಗಿನತ್ತ ಆರತಿ ಎತ್ತಿ ಕಾಯಿ ಒಡೆದರು. ಆಟೋದವನೊಬ್ಬ, "ಇನ್ಮೇಲೆ ಈ ಸ್ಟಾಪಿಗೆ ಏನಂತ ಹೇಳೋದು?" ಎಂದು ಯಾರನ್ನೋ ತೆಲುಗಿನಲ್ಲಿ ಕೇಳುತ್ತಿದ್ದ. ಇಡ್ಲಿಯ ಹೆಂಗಸು ಈಗ ಮುದುಕಿ. ಅವಳ ಮೂರೂ ಮಕ್ಕಳು ಹುಟ್ಟಿದ್ದು ಆ ಹಡಗಿನಲ್ಲೇ ಅಂತೆ. ಒಲೆ ಹಚ್ಚದೆ ಸುಮ್ಮನೆ ಕೂತಿದ್ದವಳು ದೊಡ್ಡಮ್ಮನನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಡಗಿನ ಬಿಳಿ ಬಣ್ಣ ಅಲ್ಲಲ್ಲಿ ಎದ್ದು ತುಕ್ಕು ಕಾಣುತ್ತಿತ್ತು.

ಹಳೆಯ ಸಿಬ್ಬಂದಿ ಆರು ಜನ ಬಂದಿದ್ದರು. ಒಬ್ಬ ಯುವ ಅಧಿಕಾರಿ ಹಲಗೆಯ ಬಳಿ ನಿಂತು ಪಟ್ಟಿ ನೋಡಿ ಹೆಸರು ಕೂಗುತ್ತಿದ್ದ. ಐದು ಜನ ಮನೆಯವರ ಜೊತೆ ಹತ್ತಿದರು. ಕೊನೆಗೆ ದೊಡ್ಡಮ್ಮನ ಹೆಸರು ಬಂತು. ಅವಳು ಎರಡು ಕೈಯಲ್ಲೂ ಹಗ್ಗ ಹಿಡಿದಳು. ಬಲಗಾಲನ್ನು ಹಲಗೆಯ ಮೇಲಿಟ್ಟಳು. ಅಷ್ಟರಲ್ಲಿ ಹಡಗನ್ನು ಎಳೆಯಲು ಮುಂದೆ ಕಟ್ಟಿದ್ದ ದೋಣಿ ಒಮ್ಮೆ ಜಗ್ಗಿತೋ ಏನೋ, ಹಡಗು ಸಣ್ಣಗೆ ಅಲುಗಿತು. ಅದರ ಜೊತೆ ಹಲಗೆಯೂ ಅಲುಗಿತು.

ದೊಡ್ಡಮ್ಮ ಕಾಲು ತೆಗೆದಳು. ಹಿಂದಕ್ಕೆ ತಿರುಗಿ ನನ್ನ ಹತ್ತಿರ ಬಂದಳು. ಹಿಂಗೈಯನ್ನು ನನ್ನ ಹಣೆಗಿಟ್ಟಳು. ಕೈ ತಣ್ಣಗಿತ್ತು. ಅಧಿಕಾರಿಯ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದಳು: ಇವನಿಗೆ ಜ್ವರ ಇದೆ, ಬಿಟ್ಟು ಬರಕಾಗಲ್ಲ.

ಆಗ ಎಲ್ಲ ಗೊತ್ತಾಯಿತು. ಒಂಬತ್ತನೆಯ ವಯಸ್ಸಿನ ಜ್ವರ ನಿಜ. ಹತ್ತು ದಿನ ಅವಳು ನನ್ನನ್ನು ಉಳಿಸಿಕೊಂಡದ್ದೂ ನಿಜ. ಹನ್ನೊಂದನೆಯ ದಿನದ ಜ್ವರ ಮಾತ್ರ ಸುಳ್ಳು. ಹಲಗೆಯ ಮೇಲೆ ಮುಚ್ಚಿದ ಕಣ್ಣು, ಮಂಚದ ಅಂಚು ಹಿಡಿದ ಕೈ, ಎಲ್ಲ ಅದೇ ನೀರಿನ ಭಯ. ಕುರುಡುಮಲೆಯ ಗಣಪನ ಹತ್ತಿರ ಬೇರೆಯವರು ವಿಘ್ನ ತೆಗಿ ಎಂದು ಬೇಡಿದರೆ, ಇವಳು ಹಡಗಿಗೊಂದು ವಿಘ್ನ ಕೊಡು ಎಂದು ಬೇಡುತ್ತಿದ್ದಳೋ ಏನೋ.

ಸಿಟ್ಟು ಬಂತು. ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಟ್ರಂಕಿನ ತಳದ ಆ ಪತ್ರ ಕಣ್ಣ ಮುಂದೆ ಬಂತು. ಇಲ್ಲದ ಜ್ವರಕ್ಕೆ ನಾನು ಸಮುದ್ರವನ್ನೇ ತೆತ್ತಿದ್ದೆ. ಈಗ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಸಾಕಿತ್ತು. ಅಧಿಕಾರಿ ನನ್ನನ್ನೊಬ್ಬನನ್ನೇ ಹತ್ತಿಸಿಕೊಳ್ಳುತ್ತಿದ್ದನೋ ಏನೋ. ಅವನು ನನ್ನ ಹೊಸ ಷರ್ಟನ್ನೂ ಮುಖವನ್ನೂ ನೋಡಿ, "ನಿಜವಾಗಲೂ ಹುಷಾರಿಲ್ಲವಾ ಸರ್?" ಎಂದು ಕೇಳಿದ. ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಅವರೆಕಾಯಿ ಸುಲಿಯುವಾಗ ತಲೆ ತಗ್ಗಿಸುತ್ತಿದ್ದಳಲ್ಲ, ಹಾಗೇ ನಿಂತಿದ್ದಳು.

"ಹೌದು ಸರ್," ಎಂದೆ. "ನಿನ್ನೆಯಿಂದ ಜ್ವರ."

ಹಲಗೆ ತೆಗೆದರು. ಹಗ್ಗ ಬಿಚ್ಚಿದರು. ಹಡಗು ದಡ ಬಿಟ್ಟು, ಮನೆಗಳನ್ನೂ ಕ್ರೇನುಗಳನ್ನೂ ಒಂದೊಂದಾಗಿ ದಾಟಿ, ಬಂದರಿನ ಬಾಯಿಯ ಕಡೆ ಹೋಯಿತು. ಅಲ್ಲಿಯವರೆಗೂ ದೊಡ್ಡಮ್ಮ ನಾಡಿ ನೋಡುವವಳ ಹಾಗೆ ನನ್ನ ಮಣಿಕಟ್ಟು ಹಿಡಿದಿದ್ದಳು. ಹಡಗು ತಿರುಗಿ ಮರೆಯಾದ ಮೇಲೆ, ಅದು ನಿಂತಿದ್ದ ಜಾಗದಲ್ಲಿ ಬರೀ ನೀರು, ತೆಂಗಿನಕಾಯಿಯ ಚಿಪ್ಪುಗಳು. ದೊಡ್ಡಮ್ಮ ಮತ್ತೊಮ್ಮೆ ನನ್ನ ಹಣೆ ಮುಟ್ಟಿದಳು.

"ಸ್ವಲ್ಪ ಇಳಿದಿದೆ ಕಣೋ," ಎಂದಳು.

ಆ ವಿಷಯವನ್ನು ನಾನು ಮನೆಯಲ್ಲಿ ಎತ್ತಲಿಲ್ಲ. ನಾವು ತಲುಪುವಷ್ಟರಲ್ಲಿ ಹಡಗು ಹೊರಟುಹೋಗಿತ್ತು ಎಂದು ತಾಯಿಗೆ ಹೇಳಿದೆ. ದೊಡ್ಡಮ್ಮ ತಲೆಯಾಡಿಸಿದಳು.

ಅವಳು ತೀರಿಕೊಂಡದ್ದು ಕಳೆದ ಕಾರ್ತೀಕದಲ್ಲಿ, ನಾಲ್ಕು ದಿನದ ಜ್ವರದಿಂದ. ಮೂರನೆಯ ದಿನ ಮಧ್ಯಾಹ್ನ, ಡಬ್ಬಿಯಲ್ಲಿದ್ದ ಅವಳ ಹಳೆಯ ಗಾಜಿನ ಥರ್ಮಾಮೀಟರನ್ನು ನಾನೇ ಅವಳ ಬಾಯಿಗಿಟ್ಟೆ. ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಪಾದರಸ ಎಲ್ಲಿರಬಾರದೋ ಅಲ್ಲಿತ್ತು. ಅವಳು ಕೈ ಚಾಚುವ ಮೊದಲೇ ಜಾಡಿಸಿ ಡಬ್ಬಿಗೆ ಹಾಕಿಬಿಟ್ಟೆ.

"ಜ್ವರ ಇಲ್ಲ ದೊಡ್ಡಮ್ಮ. ಏಂ ಕಾದು."

ಅವಳು ನನ್ನನ್ನೇ ನೋಡಿದಳು. "ಯಾರಿಗೂ ತೋರಿಸ್ದೆ ಜಾಡಿಸೋದನ್ನ ಯಾರೋ ಹೇಳ್ಕೊಟ್ರು ನಿನಗೆ?"

"ನೀನೇ," ಎಂದೆ.

ದೊಡ್ಡಮ್ಮ ನಕ್ಕಳು. ಆಮೇಲೆ ಮಂಚದ ಅಂಚು ಹಿಡಿದಿದ್ದ ಕೈಯನ್ನು ಬಿಟ್ಟು, ನನ್ನ ಕೈ ಹಿಡಿದುಕೊಂಡಳು.