ಎರಡನೇ ಆಟಗಾರನ ಬಟನ್‌ಗಳು

ಉಟಗಿಯ ಮಹಾಂತನ ಮನೆ ಒಂದು ಕಾಲಕ್ಕೆ ಗದ್ದಲದ ಮನೆ. ರಿಪೇರಿಗೆ ಬಂದ ಟಿವಿಗಳು ಒಟ್ಟಿಗೇ ಒದರುತ್ತಿದ್ದವು, ತಂದವರು ಕುಳಿತು ಚಹಾ ಕುಡಿದು ಹೋಗುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಮೊಬೈಲು, ಕೆಟ್ಟ ಟಿವಿಯನ್ನು ಯಾರೂ ಹೊತ್ತು ತರುವುದಿಲ್ಲ. ತಂಗಿ ಮಂಗಲ ಮದುವೆಯಾಗಿ ಸೊರಡಿಗೆ ಹೋದ ಮೇಲೆ ಮನೆಯಲ್ಲಿ ಅವನೊಬ್ಬನೇ. ಅವನಿಗೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲೂ ಅವರ ಟಿವಿ ಬಿಚ್ಚಿಕೊಂಡು ಕುಳಿತರೆ ಹೆಣ್ಣು ಯಾರು ಕೊಡುತ್ತಾರೆ ಹೇಳಿ?

ಹುಡುಗನಾಗಿದ್ದಾಗ ಅವನು ಜತ್ತ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ವಿಡಿಯೋ ಗೇಮಿನ ಪೆಟ್ಟಿಗೆಗೆ ನಾಣ್ಯ ಹಾಕಿ ಆಡುತ್ತಿದ್ದ. ಪಕ್ಕದಲ್ಲಿ ನಿಂತವನು ಯಾರೋ, ಯಾವ ಊರಿನವನೋ. ಭುಜಕ್ಕೆ ಭುಜ ತಾಗಿಸಿ ಇಬ್ಬರೂ ಬಟನ್ ಕುಟ್ಟುತ್ತಿದ್ದರು. ಮಹಾಂತನಿಗೆ ಮತ್ತೆ ಬೇಕಾಗಿದ್ದು ಆ ಗೇಮಲ್ಲ, ಆ ಭುಜ.

ಅಂಥದೇ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಲು ಅಂಗೈ ಅಗಲದ ಸಣ್ಣ ಕಂಪ್ಯೂಟರ್ ಬೋರ್ಡ್ ತರಿಸಿದ. ಪ್ಲೈವುಡ್ಡಿಗೆ ತೂತು ಕೊರೆದು ಎರಡೂ ಬದಿಗೆ ದಪ್ಪ ಕೆಂಪು ಬಟನ್ ಕೂಡಿಸಿದ. ಪ್ರತಿ ಬಟನ್ನಿನ ಒಂದು ಕಾಲಿನಿಂದ ಬೋರ್ಡಿಗೆ ಬೇರೆ ಬೇರೆ ವೈರು, ಉಳಿದ ಕಾಲುಗಳನ್ನೆಲ್ಲ ಒಂದೇ ವೈರಿನಲ್ಲಿ ಪೋಣಿಸಿದ. ಎಡಗಡೆ ತನಗೆ, ಬಲಗಡೆ ಬರುವವನಿಗೆ. ಬಲಗಡೆಯದನ್ನೇ ಹೆಚ್ಚು ನಾಜೂಕಾಗಿ ಬೆಸೆದ. ಟಿವಿಗೆ ಜೋಡಿಸಿ, ಬಾಗಿಲು ತೆರೆದಿಟ್ಟು ಕಾದ. ಓಣಿಯ ಹುಡುಗರು ಇಣುಕಿದರು, ಮೊಬೈಲಿನ ಗೇಮೇ ಇದಕ್ಕಿಂತ ಚಲೋ ಎಂದು ಹೋದರು.

ಕೊನೆಗೆ ಒಳಗೆ ಬಂದವನು ಗ್ರಾಮಪಂಚಾಯತಿ ಚುನಾವಣೆಗೆ ನಿಂತಿದ್ದ ಲಗಮಣ್ಣ. ಸಾಲಾಗಿದ್ದ ಕೆಂಪು ಬಟನ್ ಕಂಡು ಅವನ ಮುಖ ಅರಳಿತು.

“ವೋಟಿಂಗ್ ಮಷೀನ್ ಭಾಳ ಚಲೋ ಮಾಡೀಯಲ್ಲೋ ಮಹಾಂತಾ! ಮುದುಕರಿಗೆ ಒತ್ತೂದು ಕಲಿಸಬೇಕಾಗೇತಿ. ನನ್ನ ಛತ್ರಿ ಗುರ್ತಿನ ಚಿತ್ರ ಇಲ್ಲೆ ಹಚ್ಚು.”

“ಇದು ಗೇಮ್ ಐತ್ರಿ ಕಾಕಾ.”

“ಏನರ ಇರಲಿ. ಒತ್ತಿದ್ರ ಕುಂಯ್ ಅಂದ್ರ ಸಾಕು.”

ನಾನಾಗಿದ್ದರೆ ಅವನನ್ನು ಛತ್ರಿ ಸಮೇತ ಹೊರಗೆ ಕಳಿಸುತ್ತಿದ್ದೆ. ಮಹಾಂತ ಗೇಮು ಬಂದ್ ಮಾಡಿ, ಒಂದು ಬಝರ್ ಬೆಸೆದು ಕುಂಯ್ ಅನ್ನಿಸಿದ. ಮರುದಿನದಿಂದ ಮನೆ ತುಂಬ ಜನ. ಎದುರಾಳಿಗಳೂ ಬಂದು ತಮ್ಮ ಗಾಳಿಪಟ, ಕಪ್-ಬಸಿಯ ಚಿತ್ರ ಅಂಟಿಸಿದರು. ಮುದುಕರು ಒತ್ತಿದರು, ಹರಟಿದರು, ಚಹಾ ಕೇಳಿದರು. ಕುರಿ ಕಾಯುವ ಬೀರುವಿನ ತಾಯಿ ಹಾಲವ್ವನಂತೂ ದಿನಾ ಬಂದು, “ಇನ್ನೊಮ್ಮಿ ಒತ್ತಲೇನೋ ತಮ್ಮಾ?” ಎನ್ನುವಳು. ಒಬ್ಬರೂ ಆಡಲಿಲ್ಲ. ಆದರೂ ಮಹಾಂತ ಅಷ್ಟು ಖುಷಿಯಾಗಿದ್ದುದನ್ನು ಊರು ನೋಡಿರಲಿಲ್ಲ.

ವೋಟು ಮುಗಿಯಿತು, ಜನ ಬರುವುದೂ ಮುಗಿಯಿತು. ಲಗಮಣ್ಣ ಗೆದ್ದ. ಗುಲಾಲು ಎರಚುತ್ತ ಹೊರಟ ಮೆರವಣಿಗೆ ಮಹಾಂತನ ಬಾಗಿಲ ಮುಂದೆಯೇ ಹಾದುಹೋಯಿತು, ಒಬ್ಬರೂ ಒಳಗೆ ನೋಡಲಿಲ್ಲ. ಅವನು ಚಿತ್ರಗಳನ್ನು ಕಿತ್ತು ಮತ್ತೆ ಗೇಮು ಹಚ್ಚಿ ಕುಳಿತ.

ಎರಡು ದಿನ ಬಿಟ್ಟು ಹಾಲವ್ವ ಬಂದಳು, ರೂಢಿಯಾಗಿತ್ತಲ್ಲ. ಮಹಾಂತ ಗಡಬಡಿಸಿ ಅವಳನ್ನು ಬಲಗಡೆ ಕೂಡಿಸಿದ.

“ಆಯಿ, ಈ ಕೆಂಪು ರುಮಾಲಿನಂವ ನಿಮ್ಮಂವ. ಒತ್ತ್ರಿ, ಹೊಡೀತಾನ.”

ಹಾಲವ್ವ ಸಿಕ್ಕ ಸಿಕ್ಕ ಬಟನ್ ಕುಟ್ಟಿದಳು. “ಹೊಡಿ, ಇನ್ನೊಂದ ಹೊಡಿ!” ಎಂದು ಟಿವಿಯೊಳಗಿನವನಿಗೇ ಬೈದಳು, ನಕ್ಕಳು. ಅವಳ ಭುಜ ಅವನ ಭುಜಕ್ಕೆ ತಾಗುತ್ತಿತ್ತು. ಈಕೆ ನಾಳೆಯೂ ಬರಲಿ ಎಂದು ಮಹಾಂತನ ಜೀವ ಹಂಬಲಿಸಿತು. ಸೋತರೆ ಬೇಜಾರು ಮಾಡಿಕೊಂಡಾಳೆಂದು ತನ್ನ ಬಟನ್‌ಗಳಿಂದ ಕೈ ತೆಗೆದ. ಟಿವಿಯೊಳಗಿನ ಅವನ ಆಳು ನಿಂತಲ್ಲೇ ಪೆಟ್ಟು ತಿಂದು ಬಿದ್ದ.

“ಗೆದ್ರಿ ಆಯಿ!”

ಹಾಲವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ಕುಂದ್ರಿ, ಇನ್ನೊಂದ ಆಟ ಆಡೂಣು.”

“ಗೆದ್ದ ಮ್ಯಾಲ ಇನ್ನೇನೋ ತಮ್ಮಾ? ಲಗಮಣ್ಣನೂ ಗೆದ್ದ, ನಾನೂ ಗೆದ್ದೆ. ಮುಗೀತಲ್ಲ.”

ಕಂಡವರಿಗೆಲ್ಲ ತಾನು ಗೆದ್ದದ್ದನ್ನು ಹೇಳುತ್ತ ನಡೆದಳು. ಸೋಲಿಸಿದ್ದರೆ ಸೇಡು ತೀರಿಸಿಕೊಳ್ಳಲಾದರೂ ನಾಳೆ ಬರುತ್ತಿದ್ದಳು. ಮಹಾಂತನಿಗೆ ಅದು ಹೊಳೆದು ಹೊರಗೆ ಓಡಿ ಬರುವಷ್ಟರಲ್ಲಿ ಹಾಲವ್ವ ಓಣಿಯ ತಿರುವು ದಾಟಿದ್ದಳು.