ನೀರು ಇಳಿದಾಗ ಕಂಡ ಸಮಾಧಿ

ನನ್ನ ಹೆಂಡತಿಯ ಇಬ್ಬರು ಅಣ್ಣಂದಿರು ತಮ್ಮ ತಾಯಿಯ ಸಮಾಧಿಯ ವಿಷಯದಲ್ಲಿ ಒಡಹುಟ್ಟಿದ ತಂಗಿಗೆ ಸುಳ್ಳು ಹೇಳಿದರು; ಜೀವಮಾನವಿಡೀ ಆಕೆಯಿಂದ ಬೇರೊಂದು ಕಲ್ಲಿಗೆ ಕೈ ಮುಗಿಸಿದರು. ಇದು ಬಯಲಾದದ್ದು ನನ್ನ ಹಕ್ಕಿ ನೋಡುವ ಚಟದಿಂದ.

ಆಕೆಯ ತವರೂರು ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಆಕೆಗೆ ಒಂಬತ್ತು ವರ್ಷ. ಹಿಂದಿನ ವರ್ಷವಷ್ಟೇ ತಾಯಿ ತೀರಿಕೊಂಡಿದ್ದರು. ಹೊಲದಲ್ಲಿ ಕಟ್ಟಿದ ಸಮಾಧಿಯ ಹಸಿ ಗಾರೆಯಲ್ಲಿ ಈ ಹುಡುಗಿ ತನ್ನ ಹಸಿರು ಬಳೆಯ ಚೂರುಗಳನ್ನು ಒತ್ತಿದ್ದಳಂತೆ. ಊರು ಬಿಡುವ ಮುನ್ನ ಸಮಾಧಿ ತೆರೆದು, ಎಲುಬುಗಳನ್ನು ಕೈಯಾರೆ ತಂದು, ಯರಗಟ್ಟಿಯ ಬಳಿಯ ಹೊಸ ಹೊಲದಲ್ಲಿ ಇಟ್ಟೆವೆಂದು ಅಣ್ಣಂದಿರು ವಿಭೂತಿ ಮುಟ್ಟಿ ಹೇಳಿದ್ದರು. ಅಂದಿನಿಂದ ಪ್ರತಿ ಮಾನವಮಿ ಅಮಾವಾಸ್ಯೆಗೆ ಆಕೆ ಅಲ್ಲಿಯ ಕರಿಗಲ್ಲಿಗೆ ಎಡೆ ಇಟ್ಟಿದ್ದಾಳೆ.

ಶಾಲೆಯಿಂದ ನಿವೃತ್ತನಾದ ಮೇಲೆ ನಾನು ದುರ್ಬೀನು ಹಿಡಿದು ಹಿನ್ನೀರಿಗೆ ಹೋಗತೊಡಗಿದೆ. "ನಮ್ಮ ಮಾಸ್ತರಿಗೆ ಚಟ ಬಿಟ್ಟಿಲ್ಲ, ಈಗ ಕೊಕ್ಕರಿ ಹಾಜರಿ ತಗೊಳ್ಳಾಕ ಹತ್ಯಾರ" ಎಂದು ಹಿರಿಯ ಅಣ್ಣ ಊಟದ ಪಂಕ್ತಿಯಲ್ಲಿ ಎಲ್ಲರ ಎದುರು ನಗಾಡಿದ. ನಾನು ಮರೆತಿಲ್ಲ.

ಹೆಂಡತಿಯನ್ನು ಜೊತೆಗೆ ಕರೆದೊಯ್ಯಲು ಮೂರು ಬೇಸಿಗೆ ಹಿಡಿಯಿತು.

"ಕೊಕ್ಕರಿ ನೋಡಾಕ ನನ್ನ ಮೊಣಕಾಲ ಯಾಕ ಸವಸ್ಲಿ? ಮಾಳಗಿ ಮ್ಯಾಲಿನ ಗುಬ್ಬಿ ಸಾಕ್ರಿ ನನಗ."

"ಒಂದ ಸಲ ಬಾ. ಸೇರದಿದ್ರ ಮತ್ತ ಕೇಳಾಂಗಿಲ್ಲ."

"ಹಕ್ಕಿ ಕಾಣ್ಲಿಲ್ಲಂದ್ರ ಮನಿಗಿ ಬಂದು ರೊಟ್ಟಿ ನೀವ ಬಡೀಬೇಕ, ನೋಡ್ರಿ!"

ಕಳೆದ ಬೇಸಿಗೆಯಲ್ಲಿ ನೀರು ಬಹಳ ದೂರ ಸರಿದಿತ್ತು. ಬೆಳಗಿನ ಹೊತ್ತು. ಬಿರುಕುಬಿಟ್ಟ ಕೆಸರಿನ ಬಯಲಲ್ಲಿ ಟಿಟ್ಟಿಭವೊಂದು ಅರಚುತ್ತ ನಮ್ಮ ತಲೆಯ ಮೇಲೆ ಸುತ್ತುತ್ತಿತ್ತು. ದುರ್ಬೀನು ಕೊಡಲು ಹೊರಳಿದಾಗ ಆಕೆ ನನ್ನನ್ನು ದಾಟಿ ಮುಂದೆ ಹೋಗಿದ್ದಳು. ಮೊಣಕಾಲು ನೋವಿನ ಹೆಂಗಸಿನ ನಡಿಗೆ ಅದಾಗಿರಲಿಲ್ಲ. ಓಣಿಯೇ ಇಲ್ಲದ ಬಯಲಿನಲ್ಲಿ ಎಡಕ್ಕೆ ತಿರುಗಿದಳು, ಮತ್ತೆ ಬಲಕ್ಕೆ. ಒಂದು ಕಡೆ ನಿಂತು ಚಪ್ಪಲಿ ಬಿಟ್ಟಳು. ಬಾಗಿಲಿಲ್ಲ, ಗೋಡೆಯಿಲ್ಲ, ಆದರೂ ಗಿಡ್ಡ ಬಾಗಿಲು ದಾಟುವವಳಂತೆ ತಲೆ ಬಗ್ಗಿಸಿ, ಹೊಸ್ತಿಲಿನಷ್ಟು ಎತ್ತರಕ್ಕೆ ಕಾಲೆತ್ತಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ, ಹಿತ್ತಲಿನಿಂದ ಹೊರಡುವವಳಂತೆ ಮತ್ತೆ ತಲೆ ಬಗ್ಗಿಸಿ, ಆಚೆಯ ಹೊಲದತ್ತ ನಡೆದಳು. ನಾನು ಕೂಗಿದೆ. ತಿರುಗಲಿಲ್ಲ.

ಆಕೆ ನಿಂತಲ್ಲಿ ಒಂದು ತಗ್ಗಾದ ಕಟ್ಟೆಯಿತ್ತು. ಅದರ ಮೇಲೆ, ಹರಳುಗಳ ನಡುವೆ, ಟಿಟ್ಟಿಭದ ನಾಲ್ಕು ಮೊಟ್ಟೆಗಳು. ಅವನ್ನು ಮುಟ್ಟದೆ ಅಂಚಿನ ಕೆಸರನ್ನು ಸೆರಗಿನಿಂದ ಒರೆಸಿದಳು. ಗಾರೆಯೊಳಗೆ ಹಸಿರು ಬಳೆಯ ಚೂರುಗಳು. ನಾನು ಸುತ್ತಲೂ ಕೂತು, ಎದ್ದು, ಎರಡೆರಡು ಸಲ ಪರೀಕ್ಷಿಸಿದೆ. ಕಟ್ಟೆ ಎಲ್ಲಿಯೂ ಒಡೆದಿರಲಿಲ್ಲ. ಅದನ್ನು ಯಾರೂ, ಎಂದೂ ತೆರೆದಿರಲಿಲ್ಲ.

"ಅವ್ವ ಇಲ್ಲೇ ಅದಾಳ್ರಿ" ಎಂದಳು. ಹಕ್ಕಿಯ ಅರಚಾಟ ಆಗ ಒಮ್ಮೆಲೇ ನಿಂತಿತು. "ಹಂಗಾರ ಅಲ್ಲಿ ಯಾರ ಅದಾರ?"

ಅಲ್ಲಿಂದಲೇ ಹಿರಿಯ ಅಣ್ಣನಿಗೆ ಫೋನ್ ಮಾಡಿದೆ. "ಮಾಸ್ತರ, ನೀರಾಗ ಹೋದದ್ದು ನೀರಾಗ ಇರಲಿ ಬಿಡ್ರಿ" ಎಂದು ಫೋನ್ ಇಟ್ಟ. ಮಳೆಗಾಲ ಬಂದು ನೀರು ಮತ್ತೆ ಆ ಬಯಲನ್ನು ಮುಚ್ಚಿತು.

ಈ ಸಲದ ಅಮಾವಾಸ್ಯೆಗೆ ಆಕೆ ಎರಡು ಎಡೆ ಕಟ್ಟಿದಳು. ಒಂದನ್ನು ಹಿನ್ನೀರಿನ ಅಂಚಿಗೆ ಇಟ್ಟಳು. ಇನ್ನೊಂದನ್ನು ಯರಗಟ್ಟಿಗೆ ಒಯ್ಯುವುದು ಬೇಡವೆಂದು ನಾನು ತಡೆದೆ.

"ಇಷ್ಟ ವರ್ಷ ನನ್ನ ಕೈಲೆ ಉಂಡಾರ. ಯಾರರೆ ಇರ್ಲಿ, ಉಪಾಸ ಕೆಡವಾಕ ಆಗ್ತದೇನ್ರಿ?"

ಆಕೆಯ ಅಣ್ಣಂದಿರೇ, ಹೇಳಿರಿ: ಆ ಕರಿಗಲ್ಲಿನ ಕೆಳಗೆ ನನ್ನ ಹೆಂಡತಿಯ ಎಡೆ ಉಣ್ಣುತ್ತಿರುವವರು ಯಾರು?