ಹೊಗಳಬಾರದ ಹುಡುಗ

ತಂಗೆವ್ವ ಬಾಯಿ ತೆಗೆದರೆ ಬೈಗುಳ ಎಂದು ನಮ್ಮ ಮನೋಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ಅವರಿಗೇನು ಹೋಗುತ್ತದೆ. ನಾನು ಹಿಟ್ಟಿನ ಗಿರಣಿಯವನು. ರೊಟ್ಟಿ ಬಡಿದು ಮಾರುವ ಈ ಮುದುಕಿ ಜೋಳದ ಬುಟ್ಟಿ ಹೊತ್ತು ನನ್ನಲ್ಲಿಗೆ ಬರುತ್ತಾಳೆ, ಹಿಟ್ಟು ತರಿತರಿಯಾಯಿತೆಂದು ನನ್ನ ವಂಶವನ್ನೇ ಜಾಲಾಡಿ ಹೋಗುತ್ತಾಳೆ. ಆಕೆ ಯಾರನ್ನು ಹೆಚ್ಚು ಬೈಯುತ್ತಾಳೋ ಅವರ ಮೇಲೆ ಆಕೆಗೆ ಜೀವ ಹೆಚ್ಚು. ಇದು ಊರಿಗೆಲ್ಲ ಗೊತ್ತಿರುವ ಮಾತು, ಪರ ಊರಿನವರಿಗೆ ಹೇಗೆ ಗೊತ್ತಾಗಬೇಕು?

ಆಕೆ ಮೊದಲಿನಿಂದ ಹೀಗಿರಲಿಲ್ಲ. ನಿಂಗರಾಜ ಎಂಬ ಮಗನಿದ್ದ. ಸಾಲಿಗೆ ಹೋಗುವ ಮೊದಲೇ ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದ. ಬಂದ ಬೀಗರ ಮುಂದೆಲ್ಲ ತಂಗೆವ್ವ ಅವನನ್ನು ನಿಲ್ಲಿಸಿ, "ನನ್ನ ಮಗ ಬಂಗಾರ ಅದಾನ" ಎಂದು ಮೆರೆಸಿದಳು. ಅದೇ ವಾರ ಜ್ವರ ಬಂತು, ಹುಡುಗ ಹೋದ. ಡಾಕ್ಟರು ಮಿದುಳು ಜ್ವರ ಎಂದರು. ತಂಗೆವ್ವ ಮಾತ್ರ ತನ್ನ ನಾಲಗೆಯೇ ಅವನನ್ನು ತಿಂದಿತು ಎಂದಳು. ನಮ್ಮ ಕಡೆ ಮಕ್ಕಳನ್ನು ಹೊಗಳಿದರೆ ನೆದರಾಗುತ್ತದೆ, ಅಂದರೆ ಕಣ್ಣು ತಗಲುತ್ತದೆ ಎಂಬ ಅಂಜಿಕೆ ಎಲ್ಲ ತಾಯಂದಿರಿಗೂ ಇದೆ. ಈಕೆಗೆ ಅದು ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಆಮೇಲೆ ಬಂದವನು ಪಕ್ಕದ ಮನೆಯ ಅಲ್ತಮಶ. ಅವನ ಅಪ್ಪ ಫಕ್ರುಸಾಬ ಟೆಂಪೋ ಓಡಿಸುತ್ತ ಬೈಲಹೊಂಗಲ, ರಾಮದುರ್ಗ ಎಂದು ತಿರುಗುವವನು. ಅವ್ವ ಜೈಬುನ್ನಿಸಾ ಸವದತ್ತಿಯ ಬಳೆ ಅಂಗಡಿಯಲ್ಲಿ ಕೆಲಸಕ್ಕೆ. ಕೂಸು ತಂಗೆವ್ವನ ಒಲೆಯ ಮುಂದೆ ಬೆಳೆಯಿತು. "ಆಯೀ" ಎಂದು ಅವನು ಕರೆದರೆ, "ಏನೋ ಉಡಾಳ, ಯಾರ ಮನಿ ಮುರಿದು ಬಂದಿ?" ಎಂದು ಆಕೆ ಬಿಸಿ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. ಕಳ್ಳ, ಭಾಡ್ಯಾ, ಊರ ಹಾಳ ಮಾಡಾಂವ, ಇವೇ ಅವನ ಮುದ್ದಿನ ಹೆಸರುಗಳು.

ಹುಡುಗ ಮೀನು ಹುಟ್ಟಿದ ಹಾಗೆ ಹುಟ್ಟಿದ್ದ. ಮಲಪ್ರಭೆಯಲ್ಲಿ ಈಸು ಕಲಿತ, ಕಲಿತದ್ದನ್ನು ಓಣಿಯ ಮಕ್ಕಳಿಗೆಲ್ಲ ಕಲಿಸಿದ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ, ಅಂಜುವ ಮಕ್ಕಳನ್ನು ಕೈಹಿಡಿದು ನೀರಿಗಿಳಿಸುವುದು ನೋಡುವ ಹಾಗಿರುತ್ತಿತ್ತು. ಡಿಗ್ರಿ ಮುಗಿಸಿದ ವರ್ಷ ನಮ್ಮ ಯುವಕ ಸಂಘಕ್ಕೆ ಬೆಂಗಳೂರಿನ ಒಂದು ಸಂಸ್ಥೆಯಿಂದ ಕರೆ ಬಂತು. ಯಾದಗಿರಿ ಕಡೆ ಕಾಲುವೆಗೆ ಬಿದ್ದು ಮಕ್ಕಳು ಸಾಯುತ್ತಿದ್ದಾರೆ, ಬೇಸಿಗೆಯಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ಉಳಿದು ಈಸು ಕಲಿಸುವ ಸ್ವಯಂಸೇವಕರು ಬೇಕು ಎಂದು. ಅಲ್ತಮಶ ಕುಣಿದಾಡಿಬಿಟ್ಟ. ಹುಟ್ಟಿದಾಗಿನಿಂದ ಅವನು ಏನನ್ನೂ ಹಾಗೆ ಬಯಸಿದ್ದನ್ನು ನಾನು ಕಂಡಿರಲಿಲ್ಲ.

ಮಕ್ಕಳ ಜೊತೆ ಇರುವ ಕೆಲಸ, ವಿಚಾರಣೆ ಮಾಡಲೇಬೇಕು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಅವನ ಮೇಲೆ ಏನೂ ಇಲ್ಲವೆಂದು ಪೊಲೀಸರ ಪತ್ರ ಸಲೀಸಾಗಿ ಬಂತು. ಆದರೆ ಸಂಸ್ಥೆಯವರು ಬಳಗದವರಲ್ಲದ, ಚಿಕ್ಕಂದಿನಿಂದ ಬಲ್ಲ ಹಿರಿಯರೊಬ್ಬರ ಫೋನ್ ನಂಬರನ್ನೂ ಕೇಳಿದ್ದರು. ಸಾಲಿಯ ಮಾಸ್ತರರಿದ್ದರು, ನಾನಿದ್ದೆ. ಅವನು ಎದೆಯುಬ್ಬಿಸಿ ಕೊಟ್ಟದ್ದು ಆಯಿಯ ನಂಬರು.

ಫೋನ್ ಬಂದಾಗ ತಂಗೆವ್ವ ನನ್ನ ಗಿರಣಿಯಲ್ಲೇ ಇದ್ದಳು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಯೇ ಮಾತಾಡುವುದು. ಆ ಕಡೆಯಿಂದ ಒಬ್ಬ ಹುಡುಗಿ, ಬಹಳ ಮರ್ಯಾದೆಯಿಂದ ಕೇಳಿದಳು:

"ಅಮ್ಮಾ, ಅಲ್ತಮಶ್ ಅವರು ದೂರದ ಊರಿಗೆ ಹೋಗ್ತಿದಾರಲ್ಲ, ಅವರ ನಡತೆ ಹೇಗೆ ಅಂತ ಹೇಳ್ತೀರಾ?"

ಪರ ಊರಿನ ಹೆಂಗಸು, ಅದೂ ಹುಡುಗ ಪ್ರಯಾಣಕ್ಕೆ ನಿಂತ ಹೊತ್ತಿನಲ್ಲಿ. ತಂಗೆವ್ವನ ಮುಖ ಬಿಗಿಯಿತು. "ಅಯ್ಯ, ಅವನ ನಡತಿ ಏನ ಕೇಳತಿ ತಂಗಿ? ಮಹಾ ಉಡಾಳ ಅದಾನ."

"ಮಕ್ಕಳ ಜೊತೆ ಹೇಗಿರ್ತಾರೆ?"

"ಹುಡುಗೂರ್ನ ಎಲ್ಲೆ ಬಿಡತಾನ? ರಟ್ಟಿ ಹಿಡದು ಹೊಳಿಗೆ ಎಳಕೊಂಡ ಹೋಗತಾನ. ಅವು ಅತ್ತರೂ ಬಿಡಂಗಿಲ್ಲ."

ಹುಡುಗಿ ದನಿ ತಗ್ಗಿಸಿದಳು. "ಅವರ ಮೇಲೆ ದೂರು ಏನಾದ್ರೂ…?"

"ಒಂದ ಎರಡ? ಕಳ್ಳ ಅದಾನ, ಬುಟ್ಟ್ಯಾಗ ಒಂದ ರೊಟ್ಟಿ ಉಳಸಂಗಿಲ್ಲ."

ಗಿರಣಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ತಂಗೆವ್ವ ಫೋನಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನ ಆರಾಮ ಹೋಗಿ ಬರ್ತಾನ ನನ್ನ ಮಗ" ಎಂದು ಸಣ್ಣ ದನಿಯಲ್ಲಿ ಹೇಳಿದ್ದು ನನಗೆ ಮಾತ್ರ ಕೇಳಿಸಿತು.

ಯಾದಗಿರಿಗೆ ಆಯ್ಕೆಯಾದವರ ಪಟ್ಟಿಯಲ್ಲಿ ಅಲ್ತಮಶನ ಹೆಸರು ಬಿಟ್ಟು ಸಂಘದ ಉಳಿದವರೆಲ್ಲರ ಹೆಸರು ಬಂತು. ಸಂಘದ ಶ್ರೀಶೈಲ ಹೌಹಾರಿ ವಿಚಾರಿಸಿದಾಗ, ಹುಡುಗನೇ ನಂಬರು ಕೊಟ್ಟ ಹಿರಿಯರು ಹೀಗೆ ಹೇಳಿದ್ದಾರೆ ಎಂದು ಸಂಸ್ಥೆಯವರು ಅಂದರಂತೆ. ಹುಡುಗನ ಹೆಸರು ಬೇರೆ ಇದ್ದಿದ್ದರೆ ಇನ್ನೊಬ್ಬರನ್ನು ಕೇಳುತ್ತಿದ್ದರೋ ಏನೋ.

ಶ್ರೀಶೈಲ ನೇರ ತಂಗೆವ್ವನ ಮನೆಗೆ ಬಂದ. ನಾನೂ ಹಿಂದೆ ಹೋದೆ. ಅಲ್ತಮಶ ಅಲ್ಲಿಯೇ ಇದ್ದ, "ಆಯಿಗೆ ಹೇಳಬ್ಯಾಡೋ" ಎಂದು ಕಣ್ಣಲ್ಲೇ ಬೇಡಿಕೊಂಡ. ಶ್ರೀಶೈಲ ಹೇಳಿಯೇಬಿಟ್ಟ. ತಂಗೆವ್ವನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು.

"ನಾ ಅಂದಿದ್ದ ಖರೆ ಅಂತ ತಿಳಕೊಂಡ್ರ?" ಎಂದಳು. "ಖರೆ ಅಂತ?"

ಆ ಸಂಸ್ಥೆಗೆ ಫೋನ್ ಹಚ್ಚಲು ಶ್ರೀಶೈಲನಿಗೆ ಆಕೆಯೇ ಹೇಳಿದಳು. ಅದೇ ಹುಡುಗಿ ಎತ್ತಿದಳು.

"ತಂಗೀ, ನಾ ಮನೋಳಿ ತಂಗೆವ್ವ. ಅವಾ ಬಂಗಾರ ಅದಾನವಾ. ಒಂದ ಇರವಿ ತುಳದಾಂವಲ್ಲ. ನನಗ ಜ್ವರಾ ಬಂದ್ರ ತಾನಽ ರೊಟ್ಟಿ ಬಡದು ಮಾರಿ ಬರ್ತಾನ. ಓಣ್ಯಾಗಿನ ಕೂಸುಗೋಳು ತಾಯೀನ್ನ ಬಿಟ್ಟು ಅವನ ಹೆಗಲ ಏರತಾವ." ಒಂದೊಂದು ಮಾತಿಗೂ ಹುಡುಗನ ಕಡೆ ನೋಡುತ್ತಿದ್ದಳು, ಅವನಿಗೆ ಆಗಲೇ ಏನೋ ಆಗುತ್ತಿದೆಯೇನೋ ಎಂಬಂತೆ. "ನನ್ನ ಹೊಟ್ಟಿ ಮಗನ್ನ ಹೊಗಳಿ ಮಣ್ಣ ಮಾಡೇನಿ. ಈಗ ಇವನ್ನ ಹೊಗಳಾಕ ಹತ್ತೇನಿ. ಇಂಥಾದ್ರಾಗ ಸುಳ್ಳ ಹೇಳತೇನೇನು?"

ಆ ಹುಡುಗಿಯೂ ಅತ್ತಳು ಅನಿಸುತ್ತದೆ. "ಅಮ್ಮಾ, ನಂಗೆ ಅರ್ಥ ಆಯ್ತು. ಆದ್ರೆ ನೀವು ಮೊದಲು ಹೇಳಿದ್ದು ಮೇಲಿನವರಿಗೆ ಹೋಗಿಬಿಟ್ಟಿದೆ. ಆ ಜಾಗಕ್ಕೆ ಬೇರೆಯವರನ್ನ ತಗೊಂಡಾಗಿದೆ. ನನ್ನ ಕೈಲಿಲ್ಲಮ್ಮ."

ಹೋಯಿತಲ್ಲ ಎಲ್ಲ! ತಂಗೆವ್ವ ಎದ್ದವಳೇ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವನ ಮುಖಕ್ಕೆ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ನೆದರು ಜೋರಾಗಿದೆ ಎಂದು ಅರ್ಥ. ಬರಲಿಲ್ಲ. ಅಲ್ತಮಶ ಬಾಯಿಗೆ ಕೈಹಚ್ಚಿ ಜೋರಾಗಿ ಕೆಮ್ಮಿದ, "ಏನ ಘಾಟಲೇ ಯಪ್ಪಾ" ಎಂದ.

"ಸುಳ್ಳ ಕೆಮ್ಮಬ್ಯಾಡೋ" ಎಂದು ಆಕೆ ಅವನ ಕಾಲಬುಡದಲ್ಲಿ ಕುಸಿದಳು. "ಹೊಳಿಗೆ ಹೋಗಬ್ಯಾಡ ನನ ಕೂಸಽ. ನನ್ನ ಬಾಯಿಂದ ಬಂದುಬಿಟ್ಟದ. ನೀರಿಗಿ ಇಳಿಯಂಗಿಲ್ಲಂತ ಆಣಿ ಮಾಡು."

ನಾನು ಬಾಯಿ ಹಾಕಲು ಹೋದೆ. ಏನು ಹುಚ್ಚು ಇದು, ಅವನಿಗೆ ಉಳಿದಿದ್ದೇ ಹೊಳೆ ಎಂದು ಕಿರುಚಬೇಕೆನಿಸಿತು. ಅಲ್ತಮಶ ನನ್ನನ್ನು ನೋಡಿ ತಲೆಯಾಡಿಸಿದ. ಹಿಟ್ಟು ಮೆತ್ತಿದ ಆಕೆಯ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, "ಇಳಿಯಂಗಿಲ್ಲ ಆಯಿ" ಎಂದ.

ಯಾದಗಿರಿಗೆ ಹೊರಟವರ ಬಸ್ಸಿಗೆ ಸೋರೆಬುರುಡೆಗಳನ್ನು ಏರಿಸಿಕೊಟ್ಟವನೂ ಅವನೇ. ಕೆಮ್ಮಿದ್ದು ಸುಳ್ಳು, ಆಣೆ ಸುಳ್ಳಲ್ಲ. ಮುಂದಿನ ಭಾನುವಾರ ನಾನು ಹೊಳೆದಂಡೆಯಲ್ಲಿದ್ದೆ. ಮಕ್ಕಳು ನೀರಿನಿಂದ, "ಅಣ್ಣಾ, ಬಾರೋ!" ಎಂದು ಕೂಗುತ್ತಿದ್ದವು. ಅಲ್ತಮಶ ಅವುಗಳ ಅಂಗಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದ. ಸುಡುಸುಡು ಬಿಸಿಲು.

"ಇವತ್ತ ನೀರ ಭಾಳ ಥಂಡಿ ಅದಾವು," ಎಂದ. "ನೀವ ಈಸ್ರಿ, ನಾ ಇಲ್ಲೇ ಇರತೇನಿ."